ಪಾತ್ರೆ ಅತ್ತೆಯ ನಾಲ್ಕು ಟಯರು

ಮೊನ್ನೆ ಮಗಳ ಕಾರಿಗೆ ಟಯರು ಬದಲಾಯಿಸಲು ಚೆನ್ನೈನ ಮಾಧವರಂನಲ್ಲಿ ನಮ್ಮ ಮನೆಗೆ ಹತ್ತಿರದ ಅಂಗಡಿಗೆ ಹೋಗಿದ್ದೆವು. ಹೋಗಿದ್ದೆವು ಎಂದರೆ ಅವಳು ಹೋದಳು, ನಾನು ಸಿಕ್ಕಿಹಾಕಿಕೊಂಡೆ. ತರಕಾರಿಗೆ ಹೋಗೋಣ ಎಂದು ಹೊರಡಿಸಿ, ಇನ್ನೆಲ್ಲೋ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನನ್ನು ಕೂರಿಸಿ, ತಾನು ಫೋನು ಹಿಡಿದು ಓಡಾಡುವುದು ಅವಳ ಹಳೆಯ ಚಾಳಿ. ಬಿಸಿಲು ಏರುತ್ತಿತ್ತು. ಮನಸ್ಸಿನಲ್ಲೇ ಬೈದುಕೊಳ್ಳುತ್ತ ಕೂತವಳ ಮೂಗಿಗೆ ಹೊಸ ರಬ್ಬರಿನ ವಾಸನೆ ಬಂತು... ಪಕ್ಕದಲ್ಲೇ ಒಂದು ಹೊಸ ಟಯರು ಗೋಡೆಗೆ ಒರಗಿ ನಿಂತಿತ್ತು. ಅದರ ಮೈಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ರಬ್ಬರಿನ ಕೂದಲು. ಹೊಸ ಟಯರಿಗೆ ಮಾತ್ರ ಇರುತ್ತದೆ ಅದು. ಸ್ವಲ್ಪ ದಿನ ರಸ್ತೆಯಲ್ಲಿ ಓಡಿದರೆ ಉದುರಿಹೋಗುತ್ತದೆ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಒಂದನ್ನು ಬೆರಳಿನಿಂದ ಸವರಿದೆ. ಪಾತ್ರೆ ಅತ್ತೆ ನೆನಪಾದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಮದುವೆಯಾಗಿ ಹಾಸನದ ಕಡೆಯಿಂದ ನೇರವಾಗಿ ವೆಸ್ಟ್ ಮಾಂಬಲಂನ ಒಂದು ಓಣಿಗೆ ಬಂದಿಳಿದಿದ್ದೆ. ಮದ್ರಾಸು ಚೆನ್ನೈ ಆಗಿ ಸ್ವಲ್ಪ ಕಾಲವಾಗಿದ್ದರೂ ಆ ಓಣಿಯಲ್ಲಿ ಯಾರಿಗೂ ಹೊಸ ಹೆಸರಿಗೆ ನಾಲಿಗೆ ಹೊರಳಿರಲಿಲ್ಲ. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ಬೆಳಿಗ್ಗೆ ಎಲೆಕ್ಟ್ರಿಕ್ ಟ್ರೈನು ಹತ್ತಿ ಹೋದರೆ ಮುಖ ಕಾಣುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ನನಗೋ ತಮಿಳು ಬಾರದು, ಬಿಸಿಲು ಆಗದು, ಬಾಗಿಲು ತೆರೆದರೆ ಯಾರಾದರೂ ಮಾತಾಡಿಸಿಬಿಡುತ್ತಾರೆ ಎಂಬ ಭಯ. ಹಾಗೆ ಬಾಗಿಲು ಹಾಕಿಕೊಂಡು ಕೂತಿದ್ದವಳನ್ನು ಕೆಳಗಿನ ಮನೆಯಿಂದ ಒಂದು ದನಿ ಕನ್ನಡದಲ್ಲಿ ಕರೆಯಿತು. ಕನ್ನಡ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಏನ್ ಮಾ, ಬಂದು ಇಷ್ಟು ದಿನ ಆಯ್ತು, ಕೆಳಗೆ ಬಂದು ಒಂದು ವಾರ್ತೆ ಸೊಲ್ಲಬಾರ್ದಾ? ನಾವೂ ನಿಮ್ಮ ಜನಾನೇ ತಾನೆ!"

ಕೆಳಗೆ ಬಂದು ಒಂದು ಮಾತು ಹೇಳಬಾರದಾ ಎಂದು ಅದರ ಅರ್ಥ. ಅವರೇ ಪಾತ್ರೆ ಅತ್ತೆ. ಓಣಿಯವರಿಗೆಲ್ಲ ಪಾತ್ರ ಮಾಮಿ, ನನಗೆ ಅತ್ತೆ. ಗಂಡ ಹೆಂಡತಿ ಇಬ್ಬರೂ ಸೇರಿ ಮದುವೆ, ಸೀಮಂತ, ಗೃಹಪ್ರವೇಶಗಳಿಗೆ ಅಡುಗೆ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮನುಷ್ಯರು ಇಳಿದು ಕೂರಬಹುದಾದಂಥ ಹಂಡೆಗಳು, ಕೊಪ್ಪರಿಗೆಗಳು, ಬಾಣಲೆಗಳು, ದೊಣ್ಣೆಯಂಥ ಸೌಟುಗಳು. ಒಂದರೊಳಗೊಂದು ಕೂತು ಅವು ಚಾವಣಿಯವರೆಗೆ ಬೆಳೆದಿದ್ದವು. ಇವುಗಳನ್ನು ಹೊತ್ತು ಊರೆಲ್ಲ ತಿರುಗಲು ಒಂದು ಪಿಕಪ್ಪು ಇತ್ತು. ನೀಲಿ ಬಣ್ಣ ಬಳಿದು ಬಳಿದು ಅದರ ಚರ್ಮವೇ ದಪ್ಪವಾಗಿತ್ತು. ಅದು ಓಣಿಗೆ ತಿರುಗಿದರೆ ಪಾತ್ರೆಗಳ ಸದ್ದಿಗೆ ನಮ್ಮ ಮಹಡಿಯ ಕಿಟಕಿಯೂ ನಡುಗುತ್ತಿತ್ತು.

ಪಿಕಪ್ಪು ಓಡಿಸುತ್ತಿದ್ದವರು ಅತ್ತೆಯ ಗಂಡ. ನಾನು ಮಾವ ಎನ್ನುತ್ತಿದ್ದೆ. ಕೊಳ್ಳೇಗಾಲದ ಕಡೆಯವರು. ಹರೆಯದಲ್ಲಿ ಮದ್ರಾಸಿಗೆ ಬಂದವರು. ಬೀದಿಯಲ್ಲಿ ನಿಂತರೆ ಪಕ್ಕಾ ಮದ್ರಾಸ್ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ, ಚಪ್ಪಲಿಯ ಜೊತೆ ಅದನ್ನೂ ಹೊರಗೆ ಬಿಟ್ಟವರಂತೆ, ಅಪ್ಪಟ ಕೊಳ್ಳೇಗಾಲ. ಅತ್ತೆಯ ಮನೆತನದವರು ಮಾತ್ರ ಅವರ ಅಜ್ಜನ ಕಾಲದಿಂದ ಮದ್ರಾಸಿನಲ್ಲೇ ಇದ್ದವರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಇಬ್ಬರಿಗೂ ದಿನಾ ಇದೇ ಜಗಳ.

"ತಣ್ಣಿ ತರ್ಲಾ?" ಎಂದು ಅತ್ತೆ ಕೇಳುವರು.

"ನೀರು ಅನ್ನು. ನೀರು ಅಂದ್ರೆ ನಿನ್ನ ಬಾಯೇನು ಸುಟ್ಟೋದದಾ?" ಎಂದು ಮಾವ.

"ತಣ್ಣಿ ಅಂದ್ರೆ ನಿಮ್ಮ ದಾಹ ಹೋಗಲ್ವಾ?"

ಇಬ್ಬರಲ್ಲಿ ಯಾರು ಗೆದ್ದರೂ ನೀರು ಕುಡಿಯುತ್ತಿದ್ದುದು ನಾನು. ಮಕ್ಕಳಿಲ್ಲದ ಆ ಮನೆಯಲ್ಲಿ ಆ ಜಗಳವೇ ಮಗುವಿನಂತೆ ಓಡಾಡಿಕೊಂಡಿತ್ತು. ಇಬ್ಬರೂ ಅದನ್ನು ಮುದ್ದಿನಿಂದ ಸಾಕಿದ್ದರು.

ಅತ್ತೆಯ ಒಂದು ಅಭ್ಯಾಸವನ್ನು ಹೇಳಲೇಬೇಕು. ಬಾಡಿಗೆಗೆ ಹೋದ ಪಾತ್ರೆ ವಾಪಸ್ಸು ಬಂದಾಗ ಅವರು ಅದನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಬೆರಳಿನ ಗೆಣ್ಣಿನಿಂದ ಟಣ್ ಎಂದು ಒಮ್ಮೆ ತಟ್ಟಿ ತಲೆ ಓರೆ ಮಾಡಿ ನಿಲ್ಲುವರು. ಸದ್ದು ಉದ್ದಕ್ಕೆ ಹೋದರೆ ಪಾತ್ರೆ ಗಟ್ಟಿ. ನಡುವೆ ತಡವರಿಸಿದರೆ ಎಲ್ಲೋ ಬಿರುಕು. ಎಷ್ಟರ ಮಟ್ಟಿಗೆ ಎಂದರೆ ಹಲಸಿನ ಹಣ್ಣು, ತೆಂಗಿನಕಾಯಿ, ಹೊಸ ಬಕೆಟ್ಟು, ಕೊನೆಗೆ ನನ್ನ ಬಸುರಿನ ಹೊಟ್ಟೆಯನ್ನೂ ಒಂದು ದಿನ ಮೆಲ್ಲಗೆ ತಟ್ಟಿ, "ಒಳಗೆ ಹೆಣ್ಣು ಪಿಳ್ಳೆ. ಪಿತ್ತಾಳೆ ಸದ್ದು ಬರ್ತಿದೆ" ಎಂದಿದ್ದರು. ಹೆಣ್ಣೇ ಆಯಿತು. ಆ ಹಿತ್ತಾಳೆ ಸದ್ದು ಇವತ್ತಿಗೂ ನಿಂತಿಲ್ಲ.

ಮಗಳು ಹುಟ್ಟಿದ ಮರುವರ್ಷ ಮಾವ ಹೋದರು. ಬೆಸೆಂಟ್ ನಗರದಲ್ಲಿ ಯಾರದೋ ಸೀಮಂತ. ಬೆಳಿಗ್ಗೆ ಪಿಕಪ್ಪಿಗೆ ಪಾತ್ರೆ ಏರಿಸುತ್ತಿದ್ದರು. ಅತ್ತೆ ಒಳಗೆ ಸೌಟು ಆರಿಸುತ್ತಿದ್ದರು. ಮಾವ ಗಾಡಿಯ ಮುಂದಿನ ಚಕ್ರದ ಪಕ್ಕ ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡು ಕೂತುಬಿಟ್ಟರಂತೆ. ಓಣಿಯ ಬಾಯಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ ಇಸ್ತ್ರಿಯವನು ಓಡಿಬಂದು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡನಂತೆ. ಕೂಗಾಟ ಕೇಳಿ ನಾವೆಲ್ಲ ಇಳಿದು ಬರುವಷ್ಟರಲ್ಲಿ ಅವರಿಗೆ ಮಾತಿರಲಿಲ್ಲ. ಪಿಕಪ್ಪಿನಲ್ಲೇ ಮಲಗಿಸಿ ಕರೆದೊಯ್ಯೋಣ ಎಂದರೆ ಅದರ ಮುಂದಿನ ಟಯರು ಒಂದು ಪೂರ್ತಿ ಚಪ್ಪಟೆ. ಆಟೋ ಹಿಡಿದೆವು. ದಾರಿಯಲ್ಲೇ...

ಅಷ್ಟು ಪಾತ್ರೆಗಳಿದ್ದ ಮನೆ ಸದ್ದಿಲ್ಲದೆ ಹೋಯಿತು. ಅತ್ತೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಯಾರಾದರೂ ಪಾತ್ರೆ ಕೇಳಿಕೊಂಡು ಬಂದರೆ ಕಿಟಕಿಯಿಂದಲೇ ಇಲ್ಲ ಎಂದು ಕೈ ಆಡಿಸುವರು. ನೀಲಿ ಪಿಕಪ್ಪು ಮನೆಯ ಮುಂದೆ ಹಾಗೇ ನಿಂತಿತ್ತು. ಒಂದಾದ ಮೇಲೊಂದು ಅದರ ನಾಲ್ಕು ಟಯರೂ ನೆಲಕ್ಕಂಟಿದವು. ಬೀದಿ ಬೆಕ್ಕೊಂದು ಹಿಂದಿನ ತೊಟ್ಟಿಯಲ್ಲಿ ಮರಿ ಹಾಕಿತು. ನನಗೆ ತಡೆಯಲಾಗದೆ ಒಂದು ದಿನ ಮಗಳನ್ನು ಅವರ ಮಡಿಲಿಗೆ ಹಾಕಿ, ಅಂಗಡಿ ತೆರೆಯಿರಿ ಅತ್ತೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದೆ.

"ಇಲ್ಲ ಮಾ. ಎಲ್ಲಾ ಮುಗೀತು ಅಂತ ಅವರೇ ಸೊಲ್ಲಿಟ್ಟು ಹೋದ್ರು."

"ಯಾರು? ಮಾವನಾ? ಯಾವಾಗ?"

"ಕೊನೇಲಿ. ಇಸ್ತ್ರಿಯವನ ಹತ್ರ. ಎಲ್ಲಾ ಮುಗೀತು, ಎಲ್ಲಾ ಮುಗೀತು ಅಂದ್ರಂತೆ." ಅವರು ಮಗಳ ಕಾಲ್ಗೆಜ್ಜೆಯನ್ನು ಸರಿಮಾಡಿದರು. "ಇಷ್ಟು ವರ್ಷ ಕೂಡಿ ಬಾಳಿ, ಕೊನೆಗೆ ಅಷ್ಟೇನಾ ಮಾ ಸೊಲ್ಲೋದು? ನಾನು ಒಳಗೇ ಇದ್ದೆ ತಾನೆ? ನನ್ನ ಹೆಸರು ಕೂಗಬಾರ್ದಾ?"

ಅವರನ್ನು ತಿನ್ನುತ್ತಿದ್ದುದು ಸಾವಿಗಿಂತ ಹೆಚ್ಚಾಗಿ ಆ ಮಾತು. ಗಂಡ ಹೋಗುವಾಗ ಅಂಗಡಿಯನ್ನೂ ಗಾಡಿಯನ್ನೂ ತಮ್ಮನ್ನೂ ಒಟ್ಟಿಗೆ ಸೇರಿಸಿ ಮುಗಿಯಿತು ಎಂದು ಬಾಗಿಲು ಎಳೆದುಕೊಂಡು ಹೋದರು ಎಂದೇ ಅವರು ತಿಳಿದಿದ್ದರು. ಅವರು ಹಾಗೆ ಹೇಳಿದ ಮೇಲೆ ತಾನು ಅಂಗಡಿ ತೆರೆದರೆ ಅವರ ಮಾತು ಮೀರಿದಂತೆ ಎಂಬುದು ಅವರ ಲೆಕ್ಕ. ನನಗೆ ಮಾವನ ಮೇಲೆ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಪ್ರಯೋಜನವಿಲ್ಲದ ಕೆಲಸ ಎಂದು ಗೊತ್ತಿದ್ದೂ ಬಂತು.

ಅತ್ತೆಗೆ ಅಂಬತ್ತೂರಿನಲ್ಲಿ ಒಬ್ಬ ತಮ್ಮನಿದ್ದ. ಕಾರ್ಖಾನೆಯಲ್ಲಿ ಕೆಲಸ. ಅಕ್ಕನೆಂದರೆ ಪ್ರಾಣ. ಅಂಗಡಿ, ಗಾಡಿ ಎಲ್ಲ ಮಾರಿ ಅಕ್ಕನನ್ನು ತನ್ನ ಮನೆಗೆ ಕರೆದೊಯ್ಯಬೇಕೆಂದು ಅವನ ಹಟ. ಪಿಕಪ್ಪನ್ನು ಕೊಳ್ಳಲು ಒಬ್ಬ ಮೀನು ವ್ಯಾಪಾರಿಯನ್ನೂ ಹುಡುಕಿದ್ದ. ಆದರೆ ಆ ಮನುಷ್ಯ, ಬೇರೆ ಏನಿಲ್ಲದಿದ್ದರೂ ಟಯರು ನೆಟ್ಟಗಿರಬೇಕು, ನಾನು ಗಾಡಿಯನ್ನು ಓಡಿಸಿಕೊಂಡು ಹೋಗಬೇಕು, ಹೊತ್ತುಕೊಂಡಲ್ಲ ಎಂದಿದ್ದನಂತೆ. ತಮ್ಮ ಫೋನು ಮಾಡಿ, ಟಯರಿನ ಮೇಲೆ ಸೈಜು ಬರೆದಿರುತ್ತದೆ, ನೋಡಿ ಹೇಳಿ ಎಂದ.

ನಾನೂ ಅತ್ತೆಯೂ ಬೀದಿಗೆ ಇಳಿದೆವು. ಮಣ್ಣು ಮೆತ್ತಿದ ಟಯರಿನ ಮೇಲೆ ಕರಿಯ ಅಕ್ಷರ, ಕರಿಯ ಅಂಕಿ. ಏನೂ ಕಾಣದು. ಅತ್ತೆ ಒಳಗೆ ಹೋಗಿ ರಂಗೋಲಿ ಡಬ್ಬಿ ತಂದು, ಉಬ್ಬಿದ ಅಂಕಿಗಳ ಮೇಲೆ ಪುಡಿ ತಿಕ್ಕಿದರು. ಒಂದೊಂದಾಗಿ ಅಂಕಿ ಬೆಳ್ಳಗೆ ಎದ್ದುಬಂತು. ಎಷ್ಟೋ ತಿಂಗಳಿಂದ ಹೊಸ್ತಿಲ ಮುಂದೆ ರಂಗೋಲಿ ಹಾಕದಿದ್ದವರು, ಅಂಕಿ ಮುಗಿದ ಮೇಲೂ ಟಯರಿನ ಸುತ್ತ ಪುಡಿ ಸವರುತ್ತಲೇ ಇದ್ದರು.

ಆ ಭಾನುವಾರ ತಮ್ಮ ಬಂದ. ಬೆಕ್ಕಿನ ಮರಿಗಳನ್ನು ಒಂದು ಬಾಣಲೆಗೆ ವರ್ಗಾಯಿಸಿ, ಟಯರುಗಳಿಗೆ ಕಾಲಿನ ಪಂಪು ಹೊಡೆದು, ಹೇಗೋ ಗಾಡಿಯನ್ನು ಎಬ್ಬಿಸಿದ. ಅತ್ತೆ ನನ್ನ ಕೈ ಬಿಡಲಿಲ್ಲ. ಮಗಳನ್ನು ನಮ್ಮವರ ಹೆಗಲಿಗೆ ಹಾಕಿ ನಾನೂ ಹತ್ತಿದೆ. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು, ಗಾಡಿ ಕುಂಟುತ್ತಾ, ರೈಲ್ವೆ ಸ್ಟೇಷನ್ನಿನ ಆಚೆಗಿದ್ದ ಟಯರಿನಂಗಡಿ ತಲುಪಿತು. ಅತ್ತೆ ದಾರಿಯುದ್ದಕ್ಕೂ ಗೇರಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡಿದ್ದರು. ತಮ್ಮ ಗೇರು ಹಾಕಬೇಕಾದಾಗಲೆಲ್ಲ ಅಕ್ಕನ ಕೈಯನ್ನು ಎತ್ತಿ ಪಕ್ಕಕ್ಕಿಡುತ್ತಿದ್ದ, ಮತ್ತೆ ಅದು ಅಲ್ಲಿಗೇ ಬರುತ್ತಿತ್ತು.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ದಪ್ಪ ಮನುಷ್ಯ. ಗೋಡೆಯ ತುಂಬ ಟಯರು, ನೆಲದ ತುಂಬ ಟಯರು, ಅವರು ಕೂತಿದ್ದುದೂ ಟಯರಿನ ಮೇಲೆ. ತಮ್ಮ ಇಳಿದವನೇ, "ರೀಟ್ರೆಡ್ ಪೋದುಂ, ವಿಕ್ಕ ಪೋರ ವಂಡಿ" ಎಂದ. ಮಾರುವ ಗಾಡಿಗೆ ಹಳೆಯ ಟಯರಿನ ಮೇಲೆ ಹೊಸ ರಬ್ಬರು ಅಂಟಿಸಿದ್ದೇ ಸಾಕು ಎಂದು. ಅಂಗಡಿಯವರು ತಲೆಯಾಡಿಸಿ, ಗಾಡಿಯನ್ನು ಒಂದು ಸುತ್ತು ಹಾಕಿ, ಪ್ರತಿಯೊಂದು ಟಯರನ್ನೂ ಚಪ್ಪಲಿಯಿಂದ ಒದ್ದು ಬಂದು, ಅತ್ತೆಯ ಮುಂದೆ ನಿಂತು ಹೇಳಿದರು:

"ನಾಲುಂ ಗಾಲಿಮ್ಮಾ."

ನಾಲ್ಕೂ ಎಂಬುದು ನನಗೆ ಅರ್ಥವಾಯಿತು. ಉಳಿದದ್ದೂ ಅರ್ಥವಾಯಿತೆಂದು ಹುಮ್ಮಸ್ಸು ಬಂತು. ನಮ್ಮಲ್ಲಿ ಗಾಲಿ ಎಂದರೆ ಚಕ್ರ, ಸರಿ. ಆದರೆ ಮದ್ರಾಸಿನವರ ಬಾಯಲ್ಲಿ ಲಕಾರ ಳಕಾರ ಎರಡೂ ಒಂದೇ ಆಗಿರುತ್ತವೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಹಾಗಾಗಿ ನನ್ನ ಕಿವಿ ಅದನ್ನು ಗಾಳಿ ಎಂದೇ ತಿದ್ದಿಕೊಂಡಿತು. ಯಾರೂ ಕೇಳದಿದ್ದರೂ ನಾನು ಮುಂದೆ ಬಂದು ಗಟ್ಟಿಯಾಗಿ, "ಗಾಳಿ ಇಲ್ದಿದ್ರೆ ಹಾಕ್ಸಿದ್ರಾಯ್ತಲ್ಲ ಅತ್ತೆ! ಅದಕ್ಕೆ ಹೊಸ ಟಯರು ಯಾಕೆ? ಇವ್ರು ಟೋಪಿ ಹಾಕ್ತಿದಾರೆ!" ಎಂದುಬಿಟ್ಟೆ.

ತಮ್ಮ ಮೊದಲು ನಕ್ಕ. ಆಮೇಲೆ ಅತ್ತೆ. ಮಾವ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ ಪೈತ್ಯ, ಹುಚ್ಚಿ! ಆ ಗಾಳಿ ಅಲ್ಲ ಮಾ. ಕಾತ್ತುಗೆ ನಿಮ್ಮ ಊರಲ್ಲಿ ಗಾಳಿ ಅಂತೀರಲ್ಲ, ಅದಲ್ಲ. ಇವರು ಸೊಲ್ಲಿದ್ದು ಗಾಲಿ. ಖಾಲಿ ಅಂತೀವಲ್ಲ, ಅದು. ಗಾಲಿ ಅಂದ್ರೆ ಮುಗಿದೋಯ್ತು, ತೀರ್ತು ಅಂತ. ಅವರೂ ಅದೇ ತಾನೆ ಕೊನೇಲಿ... ಗಾಲಿ, ಗಾಲಿ ಅಂತ..."

ಅಲ್ಲಿಗೆ ಮಾತು ನಿಂತಿತು. ನಗು ಮುಖದ ಮೇಲೆ ಹಾಗೇ ಇತ್ತು, ಅದರ ಹಿಂದೆ ಅವರಿರಲಿಲ್ಲ. ಪಾತ್ರೆ ತಟ್ಟಿ ಕಿವಿಗೊಡುವಾಗ ಮಾಡುತ್ತಿದ್ದಂತೆ ತಲೆ ಓರೆಯಾಯಿತು. ಆಗ ನನಗೂ ಹೊಳೆಯಿತು. ಅಷ್ಟು ತಿಂಗಳು ಅವರು ನನ್ನ ಹತ್ತಿರ ಎಲ್ಲಾ ಮುಗೀತು ಎಂದು ಕನ್ನಡ ಮಾಡಿಯೇ ಹೇಳಿದ್ದರು. ಮಾವನ ಬಾಯಿಂದ ಬಂದ ಮಾತು ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

"ಬೀದೀಲಿ ಎಷ್ಟು ತಮಿಳು ಆಡಿದ್ರೂ ಅವರಿಗೆ ಕಾತ್ತು ಅಂತ ಬಾಯಿಗೇ ಬರ್ತಿರಲಿಲ್ಲ" ಎಂದರು ಅತ್ತೆ ಮೆಲ್ಲಗೆ. "ಫ್ಯಾನ್ ಹಾಕು ಅನ್ನೋಕೂ, ಗಾಳಿ ಬುಡಮ್ಮಿ ಅಂತ್ಲೇ..."

ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಇದು ಮೊದಲೇ ಹೊಳೆಯಬಾರದಿತ್ತೇ ಎಂದು ಓದುವವರಿಗೆ ಅನ್ನಿಸಬಹುದು. ನನಗೂ ಅನ್ನಿಸಿದೆ. ಆದರೆ ಆ ಮಾತು ಅವರ ಕಿವಿಗೆ ಬಿದ್ದದ್ದು ಮಾವನ ಬಾಯಿಂದಲ್ಲ, ಇಸ್ತ್ರಿಯವನ ಬಾಯಿಂದ, ಕನ್ನಡದಲ್ಲಲ್ಲ, ತಮಿಳಿನಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ, ಲೋಕವೇ ಕುಸಿದು ಕೂತ ಗಳಿಗೆಯಲ್ಲಿ. ಆಗ ಯಾರು ಲಕಾರ ಳಕಾರ ಬಿಡಿಸಿ ನೋಡುತ್ತಾರೆ?

"ವಾ, ಮನೆಗೆ ಹೋಗೋಣ" ಎಂದು ಅತ್ತೆ ಗಾಡಿ ಹತ್ತಿದರು. ತಮ್ಮ, ಅಕ್ಕಾ, ಟಯರು, ಟಯರು ಎನ್ನುತ್ತಲೇ ಇದ್ದ. ಅಂಗಡಿಯವರು ಕನ್ನಡಕವನ್ನು ಕಣ್ಣಿಗಿಳಿಸಿಕೊಂಡು ನಮ್ಮನ್ನು ನೋಡಿದರು. ನಾನು ಟೋಪಿಯ ಮಾತಾಡಿದ್ದಕ್ಕೆ ಇವರು ಹೊರಟರು ಎಂದು ತಿಳಿದಿರಬೇಕು ಪಾಪ.

ಗಾಡಿ ಮತ್ತೆ ಕುಂಟುತ್ತ ಓಣಿಗೆ ತಿರುಗುತ್ತಿದ್ದಂತೆ ಅತ್ತೆ ಇಸ್ತ್ರಿಯವನ ತಳ್ಳುಗಾಡಿಯ ಮುಂದೆ ಇಳಿದರು. ಅವನು ಯಾರದೋ ಬಿಳಿ ಪಂಚೆಯ ಮೇಲೆ ಕೆಂಡದ ಪೆಟ್ಟಿಗೆ ಓಡಿಸುತ್ತಿದ್ದ. ಅತ್ತೆ ತಮಿಳಿನಲ್ಲಿ ಕೇಳಿದರು. ಆವತ್ತು ಅವರು ಹೇಳಿದ್ದೇನು, ನೀನು ಸೇರಿಸಿದ್ದೇನು, ಬಿಡಿಸಿ ಹೇಳು ಎಂದು. ಅವನಿಗೆ ಗಾಬರಿಯಾಯಿತು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕಣ್ಣು ಮುಚ್ಚಿ ನೆನಪು ಮಾಡಿಕೊಂಡ.

"ಎಲ್ಲಾಂನ್ನು ಅವರ್ ಸೊಲ್ಲಲೆಮ್ಮಾ. ಅದು ನಾನಾ ಸೊನ್ನೇನ್. ಗಾಲಿ, ಗಾಲಿ... ಅವ್ವಳವುದಾನ್. ವಂಡಿ ಪಕ್ಕಂ ಕೈ ಕಾಟ್ಟಿನಾರು."

ಎಲ್ಲಾ ಎಂಬುದು ಅವನ ಸ್ವಂತ ಸೇರ್ಪಡೆ. ಮಾವ ಹೇಳಿದ್ದು ಬರೀ ಆ ಒಂದು ಮಾತು, ಗಾಡಿಯ ಕಡೆಗೆ ಕೈ ತೋರಿಸಿಕೊಂಡು. ಆ ಗಾಡಿಯ ಮುಂದಿನ ಟಯರು ಆವತ್ತು ಚಪ್ಪಟೆಯಾಗಿದ್ದುದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೆವು. ಅತ್ತೆ ಬೀದಿಯ ನಡುವೆಯೇ ನಿಂತುಬಿಟ್ಟರು. ಹಿಂದೆ ಒಂದು ಸ್ಕೂಟರು ಹಾರನ್ನು ಹೊಡೆಯುತ್ತಿತ್ತು. ತಮ್ಮ ಗಾಡಿಯಿಂದ ಇಳಿದು ಬಂದು, ಏನೂ ಅರ್ಥವಾಗದಿದ್ದರೂ, ಅಕ್ಕನ ಭುಜ ಹಿಡಿದುಕೊಂಡ.

"ಟಯರ್‌ಗೆ ಕೇಳಿದ್ರೋ, ತನಗೇ ಕೇಳಿದ್ರೋ..." ಎಂದರು ಅತ್ತೆ. ಅದು ನಮ್ಮನ್ನು ಕೇಳಿದ್ದಲ್ಲ. "ಗಾಳಿ ಬೇಕು ಅಂದಿದಾರೆ ಮಾ. ಮುಗೀತು ಅನ್ಲಿಲ್ಲ ಅವರು. ಗಾಳಿ ಬೇಕು ಅಂದಿದಾರೆ."

ಅವರು ಅಳುತ್ತಿದ್ದರು. ಮಾವ ಹೋದ ದಿನ ಅತ್ತ ಹಾಗಲ್ಲ, ಬೇರೆ ತರಹ. ಬಹಳ ದಿನ ಮಾತು ಬಿಟ್ಟಿದ್ದವರು ಮತ್ತೆ ಮಾತಾಡಿದಾಗ ಅಳುತ್ತಾರಲ್ಲ, ಹಾಗೆ. ಇಸ್ತ್ರಿಯವನೂ ಅಳತೊಡಗಿದ. ಪಾಪದವನು, ತಾನು ಮಾಡಿದ ತಪ್ಪೇನೆಂದು ಅವನಿಗೆ ಗೊತ್ತಾಗಿರಲಿಲ್ಲ. ತಪ್ಪಾದರೂ ಏನಿತ್ತು? ಅವನ ಕಿವಿಗೆ ಅವನ ಭಾಷೆ ಕೇಳಿಸಿತ್ತು, ನನ್ನ ಕಿವಿಗೆ ನನ್ನದು ಕೇಳಿಸಿದ ಹಾಗೆ.

ಅದೇ ಸಂಜೆ ಮತ್ತೆ ಟಯರಿನಂಗಡಿಗೆ ಹೋದೆವು. ಅಂಗಡಿಯವರು ಈ ಸಲ ನನ್ನನ್ನು ದೂರದಿಂದಲೇ ನೋಡಿ ಜಾಗ್ರತೆಯಾದರು. ತಮ್ಮ ರೀಟ್ರೆಡ್ ಎಂದು ಶುರುಮಾಡುವ ಮೊದಲೇ ಅವರು ಅತ್ತೆಯನ್ನೇ ನೇರವಾಗಿ ಕೇಳಿದರು. "ವಂಡಿ ವಿಕ್ಕಪ್ಪೋರೀಂಗಳಾ, ವೆಚ್ಚಿಕ್ಕಪ್ಪೋರೀಂಗಳಾ?" ಮಾರುತ್ತೀರೋ, ಇಟ್ಟುಕೊಳ್ಳುತ್ತೀರೋ. ಇಡೀ ವ್ಯವಹಾರ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಮಾರುವುದಾದರೆ ಒಂದು ಗೋಡೆಯ ಟಯರು, ಇಟ್ಟುಕೊಳ್ಳುವುದಾದರೆ ಎದುರು ಗೋಡೆಯದು.

ಅತ್ತೆ ತಮ್ಮನ ಮುಖ ನೋಡಿದರು. ಅವನೂ ಅಕ್ಕನ ಮುಖ ನೋಡಿದ. "ನಿನ್ನ ಇಷ್ಟಂ ಅಕ್ಕಾ" ಎಂದ ಕೊನೆಗೆ. ಒಳ್ಳೆಯ ಹುಡುಗ. ಅವನನ್ನು ನೆನೆದಾಗ ಈಗಲೂ ಪ್ರೀತಿ ಬರುತ್ತದೆ.

"ವೆಚ್ಚಿಕ್ಕಪ್ಪೋರೇನ್" ಎಂದರು ಅತ್ತೆ. ಇಟ್ಟುಕೊಳ್ಳುತ್ತೇನೆ.

ಆಮೇಲೆ ನಡೆದ ಟಯರಿನ ಆಯ್ಕೆಯನ್ನು ನೋಡಬೇಕಿತ್ತು. ಮದುವೆ ಸೀರೆಯನ್ನೂ ಯಾರೂ ಹಾಗೆ ಆರಿಸಿರಲಾರರು. ಮುಂದಿನ ಚಕ್ರಕ್ಕೆ ಉದ್ದುದ್ದ ಗೆರೆಯಿರುವುದು ಬೇಕು, ತಿರುಗಿಸುವುದು ಹಗುರ. ಹಿಂದಕ್ಕೆ ಅಡ್ಡಡ್ಡ ದಪ್ಪ ಕಟ್ಟೆಯಿರುವುದು, ಭಾರ ಹೊರುವುದು ಅದೇ ಎಂದು ಅಂಗಡಿಯವರು ವಿವರಿಸಿದರು. ಅತ್ತೆ ಬಗ್ಗಿ ನೋಡಿ, "ಮುಂದಿನದು ಸೇವಿಗೆ ಅಚ್ಚು, ಹಿಂದಿನದು ಮುರುಕು ಅಚ್ಚು. ತಿಳೀತು" ಎಂದರು. ಒಂದು ಶಾವಿಗೆಯ ಒರಳು, ಇನ್ನೊಂದು ಚಕ್ಕುಲಿಯದು. ಎಷ್ಟು ಭಾರ ಎಂದು ಅಂಗಡಿಯವರು ಕೇಳಿದರೆ, ಅತ್ತೆ ಪಾಯಸದ ಹಂಡೆ, ಸಾಂಬಾರಿನ ಕೊಪ್ಪರಿಗೆ, ರುಬ್ಬುವ ಕಲ್ಲು, ಗ್ಯಾಸ್ ಒಲೆ ಎಂದು ಇಡೀ ಅಂಗಡಿಯನ್ನೇ ಅವರ ಮುಂದೆ ಇಳಿಸಿದರು. ಆ ಮನುಷ್ಯ ಯಾವುದೋ ತಯಾರಿಕೆಯ ದಪ್ಪ ನೈಲಾನ್ ಟಯರುಗಳನ್ನು ಉರುಳಿಸಿಕೊಂಡು ತಂದರು. ಅತ್ತೆ ಗೆಣ್ಣಿನಿಂದ ಒಂದನ್ನು ತಟ್ಟಿ, ತಲೆ ಓರೆ ಮಾಡಿ ಕೇಳಿದರು. ಇನ್ನೊಮ್ಮೆ ತಟ್ಟಿದರು.

"ಇದು ಏನೂ ಸೊಲ್ಲಲ್ಲ ಮಾ" ಎಂದರು ನನ್ನ ಕಡೆ ತಿರುಗಿ, ನಿಜವಾಗಿಯೂ ಪೆಚ್ಚಾಗಿ. "ಕಲ್ಲು ಮಾದಿರಿ ಕೂತಿದೆ. ಹ್ಯಾಗೆ ನಂಬೋದು?"

ಆಗಲೇ ಅವರ ಬೆರಳಿಗೆ ಆ ರಬ್ಬರ್ ಕೂದಲು ಸಿಕ್ಕಿದ್ದು. ಇದೇನು ಎಂದು ಕೇಳಿದರು. ಹೊಸ ಟಯರಿಗೆ ಹುಟ್ಟುವಾಗಲೇ ಬರುತ್ತದೆ, ಓಡಿದರೆ ಹೋಗುತ್ತದೆ ಎಂದರು ಅಂಗಡಿಯವರು. ಅತ್ತೆ ಅಂಗೈ ಅಗಲಿಸಿ ಟಯರಿನ ಮೈಯನ್ನು ಮೇಲಿನಿಂದ ಕೆಳಗೆ ಸವರಿದರು. ಎಣ್ಣೆ ಹಚ್ಚಿ ನೀರೆರೆಯುವಾಗ ನನ್ನ ಮಗಳ ನೆತ್ತಿಯನ್ನು ಸವರುತ್ತಿದ್ದರಲ್ಲ, ಅದೇ ಕೈ, ಅದೇ ನಿಧಾನ. "ಹುಟ್ಟುಕೂದಲು" ಎಂದರು. ಆಮೇಲೆ ಸದ್ದಿನ ಮಾತೆತ್ತಲಿಲ್ಲ. ಆ ನಾಲ್ಕನ್ನೇ ಹಾಕಿಸಿದರು.

ಟಯರು ಕೂರಿಸಿ ಪಂಪಿನ ಕೊಳವೆ ಸಿಕ್ಕಿಸಿದಾಗ ಅವರು ಪಕ್ಕದಲ್ಲೇ ನಿಂತಿದ್ದರು. ಮುಂದಿನ ಟಯರು ಮೆಲ್ಲನೆ ಉಬ್ಬಿ, ಗಾಡಿಯ ಮೂಗು ಒಂದಿಷ್ಟು ಮೇಲಕ್ಕೆದ್ದಿತು. "ಗಾಳಿ ಸರಿಯಾಗಿ ಹಾಕಪ್ಪಾ" ಎಂದರು ಅತ್ತೆ, ಕನ್ನಡದಲ್ಲೇ. ಪಂಪಿನವನು ಏನೆಂದು ತಲೆ ಎತ್ತಿದ. ಅತ್ತೆ ತಮಿಳು ಮಾಡಿ ಹೇಳಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆರೆಯಿತು. ಮೊದಮೊದಲು ಮುಹೂರ್ತದ ಭಾನುವಾರಗಳಲ್ಲಿ ತಮ್ಮನೇ ಬಂದು ಗಾಡಿ ಓಡಿಸಿದ. ಆಮೇಲೆ ಒಬ್ಬ ಡ್ರೈವರನ್ನು ಇಟ್ಟುಕೊಂಡರು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಊರೆಲ್ಲ ತಿರುಗಿದರು. ಹೊರಡುವ ಮುನ್ನ ನಾಲ್ಕು ಟಯರನ್ನೂ ಹೆಬ್ಬೆರಳಿನಿಂದ ಒತ್ತಿ, ಗಾಳಿ ಇದೆಯಾ ಎಂದು ಗಟ್ಟಿಯಾಗಿ ಕೇಳುತ್ತಿದ್ದರು. ತಣ್ಣಿ ಕೊನೆಯವರೆಗೂ ತಣ್ಣಿಯಾಗಿಯೇ ಉಳಿಯಿತು, ಅದರಲ್ಲಿ ಅವರು ಸೋಲಲಿಲ್ಲ. ಆದರೆ ಕಾತ್ತು ಎಂಬ ಮಾತನ್ನು ಆ ದಿನದ ನಂತರ ಅವರ ಬಾಯಲ್ಲಿ ನಾನು ಕೇಳಲಿಲ್ಲ.

ಮಗಳು ಶಾಲೆಗೆ ಸೇರುವ ಮೊದಲೇ ನಾವು ಮಾಧವರಂಗೆ ಮನೆ ಬದಲಾಯಿಸಿದೆವು. ಅತ್ತೆಗೆ ಮಂಡಿ ಕೈಕೊಟ್ಟಿತು. ಅಂಗಡಿಯನ್ನು ಬೇರೆಯವರಿಗೆ ವಹಿಸಿ,  ಕೊನೆಗೂ ತಮ್ಮನ ಮನೆಗೆ ಹೋದರು, ಮುಗಿಯಿತೆಂದಲ್ಲ, ಸಾಕೆಂದು. ನಾನು ಕೊನೆಯ ಸಲ ನೋಡಿದ್ದು ಅಂಬತ್ತೂರಿನಲ್ಲಿ, ಬಿರುಬೇಸಿಗೆಯ ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ಮಲಗಿದ್ದವರು ನನ್ನನ್ನು ನೋಡಿ ಗಾಳಿ ಎಂದರು. ಗೋಡೆಗೆ ಸಿಕ್ಕಿಸಿದ್ದ ತಾಳೆಗರಿಯ ಬೀಸಣಿಗೆ ತೆಗೆದು ಪಕ್ಕದಲ್ಲಿ ಕೂತು ಬೀಸಿದೆ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದರು. ನಿದ್ದೆ ಹತ್ತಿತೆಂದು ನಾನು ಕೈ ನಿಲ್ಲಿಸಿದಾಗ ಮಾತಾಡಿದರು.

"ಆವತ್ತು ನಾನು ಪಕ್ಕದಲ್ಲಿದ್ದಿದ್ರೆ, ಟಯರ್‌ಗೋ ತನಗೋ ಅಂತ ಕೇಳ್ತಾನೇ ಇರ್ಲಿಲ್ಲ ಮಾ. ಬೀಸ್ತಿದ್ದೆ."

ನಾನು ಮತ್ತೆ ಬೀಸತೊಡಗಿದೆ. ಕರೆಂಟು ಬಂದ ಮೇಲೂ ನಿಲ್ಲಿಸಲಿಲ್ಲ... ಆ ಮಳೆಗಾಲಕ್ಕೆ ಮುಂಚೆಯೇ ಅವರು ಹೋದರು. ತಮ್ಮ ಫೋನಿನಲ್ಲಿ ಹೇಳುವಾಗ ಕನ್ನಡವನ್ನೂ ತಮಿಳನ್ನೂ ಕಲಸಿ ಅಳುತ್ತಿದ್ದ.

"ಮ್ಯಾಡಂ, ಕಾತ್ತು ಕರೆಕ್ಟಾ ಇರುಕ್ಕು, ಎಡುತ್ತುಕ್ಕೋಂಗ" ಎಂದು ಟಯರಿನಂಗಡಿಯ ಮನುಷ್ಯ ನನ್ನ ಮಗಳಿಗೆ ಹೇಳುತ್ತಿದ್ದ. ಗಾಳಿ ಸರಿಯಾಗಿದೆ, ಗಾಡಿ ತೆಗೆದುಕೊಳ್ಳಿ ಎಂದು. ಮಾಧವರಂನ ಅಂಗಡಿಯಲ್ಲಿ ಕೆಲಸ ಮುಗಿದಿತ್ತು. ನಾನು ಕುರ್ಚಿಯಿಂದ ಎದ್ದು ಕಾರಿನ ಹತ್ತಿರ ಹೋಗಿ ಹೊಸ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ನನಗೇ ಗೊತ್ತಿಲ್ಲದೆ ಬಾಯಿಂದ ಗಾಳಿ ಎಂದು ಬಂತು.

ಮಗಳು ಫೋನಿನಿಂದ ತಲೆ ಎತ್ತಿದಳು. ಕನ್ನಡ ಎಲ್ಲ ಅರ್ಥವಾಗುತ್ತದೆ ಅವಳಿಗೆ, ಉತ್ತರ ಮಾತ್ರ ತಮಿಳಿನಲ್ಲಿ. "ಎನ್ನಮ್ಮಾ ಗಾಲಿ? ಪುದು ಟಯರ್ದಾನೇ!" ಎಂದಳು. ಏನಮ್ಮಾ ಮುಗಿಯಿತು, ಹೊಸ ಟಯರಲ್ಲವಾ ಎಂದು.

ನಗು ಬಂತು. ಈ ಮಾತಿಗೆ ಸೆರಗು ಬಾಯಿಗೊತ್ತಿಕೊಂಡು ನಗಲು ಈ ಊರಿನಲ್ಲಿ ಒಬ್ಬರಿದ್ದರು, ಅವರಿಲ್ಲ. ನನ್ನ ಮಗಳ ನೆತ್ತಿಗೆ ನೀರೆರೆದ ಕೈ ಅದು, ಅವಳಿಗೆ ಅವರ ಮುಖವೂ ನೆನಪಿಲ್ಲ. ಹೇಳಬೇಕು, ಎಲ್ಲವನ್ನೂ ಕೂರಿಸಿಕೊಂಡು ಹೇಳಬೇಕು ಎಂದುಕೊಳ್ಳುತ್ತ ಕಾರು ಹತ್ತಿದೆ. ಅವಳು ಏಸಿಯ ಗುಂಡಿಗೆ ಕೈ ಹಾಕಿದಳು. ಅವಳ ಕೈಯನ್ನು ಹಿಡಿದೆ.

"ಬೇಡ ಕಣೆ. ಕಿಟಕಿ ಇಳಿಸು. ಸ್ವಲ್ಪ ಗಾಳಿ ಬರಲಿ."

ಈ ಸಲ ಅವಳಿಗೆ ಸರಿಯಾಗಿಯೇ ಕೇಳಿಸಿತು. ಕಿಟಕಿ ಇಳಿಸಿದಳು.